ಕಡಿಮೆ ಅಂದರೆ ಎಷ್ಟು

ನನ್ನನ್ನು ಸೂಪರ್‌ವೈಸರ್ ಮಾಡಿದ ದಿನ ಬೆಳಿಗ್ಗೆ ನಾನು ಲಾಂಡ್ರಿಯ ಅಂಗಳದ ನಡುವೆ ನಿಂತು, "ಎಲ್ಲರೂ ಇಲ್ಲಿ ಬನ್ನಿ" ಎಂದೆ. ಯಾರೂ ತಲೆ ಎತ್ತಲಿಲ್ಲ. ಹಾಲೇಶ ಇಸ್ತ್ರಿ ಮೇಜಿನ ಮೇಲೆ ಬಗ್ಗಿಕೊಂಡೇ ಇದ್ದ. ದ್ಯಾಮಕ್ಕ ಹಂಡೆಯೊಳಗಿನ ಸಬ್ಬಕ್ಕಿ ಗಂಜಿಯನ್ನು ಉದ್ದನೆಯ ಕೋಲಿನಿಂದ ತಿರುವುತ್ತಲೇ ಇದ್ದಳು. ನನಗೆ ಸಿಟ್ಟು ಬಂತು. ಆಮೇಲೆ ನೆನಪಾಯಿತು. ನಿನ್ನೆಯವರೆಗೆ ನಾನು ಅವರಲ್ಲೊಬ್ಬ, ಕೂಗಿದರೆ ಕೇಳಿಸುತ್ತಿತ್ತು. ಇವತ್ತು ನಾನು ಅವರ ಮೇಲಿನವನು. ನಮ್ಮೂರಲ್ಲಿ ಮೇಲಿನವರು ಆಡಿದ ಮಾತು ಕೈಕೆಳಗಿನವರಿಗೆ ಕೇಳಿಸುವುದು ಮರುದಿನ, ಅದೇ ಹೊತ್ತಿಗೆ, ಆಡಿದ ಜಾಗದಿಂದಲೇ.

ಅಷ್ಟರಲ್ಲಿ ಇಬ್ಬರೂ ಒಟ್ಟಿಗೆ ಬಾಗಿಲ ಬಳಿಯ ಖಾಲಿ ಸ್ಟೂಲಿನ ಕಡೆ ತಿರುಗಿದರು. ಹಿಂದಿನ ದಿನ ನಿವೃತ್ತರಾದ ಸೂಪರ್‌ವೈಸರ್ ಚಂದ್ರಯ್ಯನವರು ಅಲ್ಲಿ ಕೂತು ಆಡಿಹೋದ ಮಾತು ಈಗ ಬರುತ್ತಿತ್ತು. ನನಗೆ ಅದು ಕೇಳಿಸಲಿಲ್ಲ. ಅದು ಸೂಪರ್‌ವೈಸರ್ ಕೈಕೆಳಗಿನವರಿಗೆ ಬರುವ ಮಾತು, ನಾನು ಈಗ ಅವರಲ್ಲೊಬ್ಬನಲ್ಲ. ಇಷ್ಟು ವರ್ಷ ದುಡಿಸಿಕೊಂಡ ಮನುಷ್ಯ ಹೋಗುವಾಗ ಏನು ಹೇಳಿದರು ಎಂದು ತಿಳಿಯುವ ಆಸೆ ನನ್ನ ಮುಖದಲ್ಲಿ ಕಂಡಿರಬೇಕು. ಹಾಲೇಶ ತಾನಾಗಿಯೇ ಹೇಳಿದ: "ಏನೂ ಇಲ್ಲ ಮಾರಾಯ, ಅದೇ ಹಳೇ ರಾಗ. ಸ್ವಲ್ಪ ನೋಡ್ಕೊಂಡು ಮಾಡ್ರಪ್ಪ ಅಂದ್ರು."

ಯಾರಿಗಾದರೂ ಬಡ್ತಿ ಸಿಕ್ಕರೆ ಹಿಂದಿನ ಸಂಜೆ ಅವರ ಮನೆಯಲ್ಲಿ ಮಾತು ತೀರಿಸುವ ಪದ್ಧತಿ ನಮ್ಮಲ್ಲಿದೆ. ನಾಳೆಯಿಂದ ಕೈಕೆಳಗೆ ಬರುವವರೆಲ್ಲ ಬಂದು ಕೂತು, ಕೂಡಲೇ ಉತ್ತರ ಬೇಕಾದ ಪ್ರಶ್ನೆಗಳನ್ನು ಕೇಳಿಬಿಡುತ್ತಾರೆ. ನಮ್ಮ ಮನೆಗೆ ಹಾಲೇಶ ಬಂದ, ದ್ಯಾಮಕ್ಕ ಮಂಡಕ್ಕಿ ಕಟ್ಟಿಕೊಂಡು ಬಂದಳು. ಅವ್ವ ಚಹಾ ಮಾಡಿದಳು. ಸಿನಿಮಾ ಮಾತಾಡಿದೆವು, ಹಾಲೇಶನ ತಂಗಿಗೆ ನೋಡಿದ ಗಂಡಿನ ಬಗ್ಗೆ ಮಾತಾಡಿದೆವು, ದ್ಯಾಮಕ್ಕನ ಮಂಡಿನೋವಿನ ಬಗ್ಗೆ ಮಾತಾಡಿದೆವು. ಲಾಂಡ್ರಿಯ ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದು ಹೇಗಿದ್ದರೂ ದಿನಾ ಇರುವುದೇ ಎಂದುಕೊಂಡೆವು. "ಬೈಯೋದಿದ್ರೆ ಈಗ್ಲೇ ಬೈದುಬಿಡೋ, ಬಿಸಿಬಿಸಿ" ಎಂದ ಹಾಲೇಶ. ದ್ಯಾಮಕ್ಕ ಚಪ್ಪಲಿ ಮೆಟ್ಟುತ್ತ, "ಇನ್ಮೇಲೆ ನಿನ್ನ ಮಾತು ನಮಗೆ ಸಿಗೋದು ಹಳಸಿದ ಮೇಲೆ" ಎಂದು ನಕ್ಕಳು.

ಬರೆದು ತೋರಿಸಿದರೆ ಆಗುವುದಿಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಬರೆದರೆ ಮರುದಿನದವರೆಗೆ ಅವರಿಗೆ ಹಾಳೆ ಖಾಲಿ. ಬೇರೆಯವರ ಬಾಯಲ್ಲಿ ಹೇಳಿಕಳಿಸಿದರೆ ಆ ಬಾಯಿಯೂ ಅಷ್ಟು ಹೊತ್ತು ಸದ್ದಿಲ್ಲದೆ ಆಡುತ್ತದೆ. ತಲೆಯಾಡಿಸಿದರೆ, ಕತ್ತು ಉಳುಕಿತೇನೋ ಎಂದುಕೊಳ್ಳುತ್ತಾರೆ. ಅದು ಒಪ್ಪಿಗೆ ಎಂದು ಹೊಳೆಯುವುದು ಮಾರನೇ ದಿನ. ಗದ್ದಲದಲ್ಲಿ ಮುಚ್ಚಿಹಾಕಲೂ ಆಗುವುದಿಲ್ಲ. ಹಿಂದೊಮ್ಮೆ ಎಣ್ಣೆ ಗಿರಣಿಯ ಯಜಮಾನರೊಬ್ಬರು ತಾವು ಆಡಿದ ಯಾವುದೋ ಮಾತನ್ನು ಮುಳುಗಿಸಲು ಮರುದಿನ ಮದುವೆ ಬ್ಯಾಂಡಿನವರನ್ನು ಕರೆಸಿ ಬಾರಿಸಿದ್ದರು. ಆಳುಗಳು ಬ್ಯಾಂಡನ್ನೂ ಕೇಳಿದರು, ಮಾತನ್ನೂ ಕೇಳಿದರು.

ಹಾಗೆಂದು ನಮ್ಮೂರಲ್ಲಿ ಕೆಲಸ ನಿಂತಿಲ್ಲ. ಮೇಲಿನವರು ನಾಳೆಯ ಮಾತನ್ನು ಇವತ್ತೇ ಆಡಿಟ್ಟು ಹೋಗುತ್ತಾರೆ. ಕೆಳಗಿನವರು ಕೇಳಿದ ಪ್ರಶ್ನೆ ಮೇಲಿನವರಿಗೆ ಕೂಡಲೇ ಕೇಳಿಸುತ್ತದೆ, ಉತ್ತರಕ್ಕೆ ನಾಳೆ ಬಂದು ಅದೇ ಜಾಗದಲ್ಲಿ ನಿಲ್ಲಬೇಕು. ಅದು ನಮಗೆ ರೂಢಿ. ಹಾಸ್ಟೆಲಿನಲ್ಲಿದ್ದಾಗ ಲೈಬ್ರರಿಯಲ್ಲಿ ಆಡಳಿತದ ಬಗ್ಗೆ ಒಂದು ದಪ್ಪ ಪುಸ್ತಕ ಓದಿದ್ದೆ. ಹೊರಗಿನವರು ಬರೆದದ್ದು. ಅವರ ಊರುಗಳಲ್ಲಿ ಯಜಮಾನ ಆಡಿದ್ದು ಆಳಿಗೆ ಆ ಕ್ಷಣವೇ ಕೇಳಿಸುತ್ತದೆ. ಆದರೂ ಪುಸ್ತಕದ ತುಂಬ ಅಪಾರ್ಥ, ಜಗಳ, ಕೆಲಸ ಬಿಟ್ಟು ಹೋದವರ ಕಥೆಗಳೇ. ಅದು ಹೇಗೆ ಸಾಧ್ಯ ಎಂದು ನನಗೆ ಆಗ ಅರ್ಥವಾಗಿರಲಿಲ್ಲ.

ಕೆಲಸದಿಂದ ಬಿಡಿಸುವ ಮಾತಿಗೆ ನಮ್ಮಲ್ಲಿ ಒಂದು ಮರ್ಯಾದೆ ಇದೆ. ಬರಬೇಡ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹೊರಟುಬಿಡಬೇಕು. ತಿರುಗಿ ನೋಡಬಾರದು. ಮುಂದಿನ ಮಾತಿಗೆ ಕಾಯುವುದು ಬೇಡಿಕೊಂಡ ಹಾಗೆ. ಯಾರೂ ಹಿಂದೆ ಹೋಗಬಾರದು, ಅದು ಹೋದವರ ಮಾನ ತೆಗೆದ ಹಾಗೆ. ನಮ್ಮಪ್ಪ ಗಿರಣಿಯಿಂದ ಹಾಗೇ ಹೊರಟು ಬಂದ. ಅವನು ಗೇಟು ದಾಟಿದ ಮೇಲೆ ಯಜಮಾನರ ಅದೇ ಕುರ್ಚಿಯಿಂದ "ತಡಿ ತಿಪ್ಪಣ್ಣ, ಕೂತ್ಕೋ, ಸಿಟ್ಟಲ್ಲಿ ಅಂದೆ" ಎಂಬ ಮಾತು ಬಂದಿತ್ತಂತೆ. ಜೊತೆಯವರು ಆ ಸಂಜೆ ಮನೆಗೆ ಬಂದು ಹೇಳಿದರು. ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡು ಅಪ್ಪ ಗೋಡೆ ಕಡೆ ತಿರುಗಿ ಮಲಗಿದ. ಆಮೇಲೆ ಅವನು ಯಾವ ಕೆಲಸದಲ್ಲೂ ನಿಲ್ಲಲಿಲ್ಲ. ಅವನ ವಿಷಯ ಇಷ್ಟು ಸಾಕು.

ಲಾಂಡ್ರಿ ಯಜಮಾನರು ವೃಷಭೇಂದ್ರಯ್ಯನವರು. ಅವರಿಗೆ ನಾನು ಕೆಳಗಿನವನು, ಹಾಗಾಗಿ ಅವರ ಮಾತೂ ನನಗೆ ಮರುದಿನವೇ. ಬಡ್ತಿಯ ಎರಡನೇ ಬೆಳಿಗ್ಗೆ ಅವರ ಕೋಣೆಗೆ ಹೋಗಿ ನಿಂತೆ. ಅವರು ಕಿಟಕಿಯ ಹತ್ತಿರ ಕೂತು ಬೋಂಡ ತಿನ್ನುತ್ತಿದ್ದರು. ನಿನ್ನೆಯ ಮಾತು ಮಾತ್ರ ಮೇಜಿನ ಹಿಂದಿನ ಖಾಲಿ ಕುರ್ಚಿಯಿಂದ ಬಂತು: "ಓಬಳೇಶ, ಹೆರಿಗೆ ಆಸ್ಪತ್ರೆಯವರು ಬಟ್ಟೆ ಸರಿಯಿಲ್ಲ ಅಂತಿದಾರೆ. ಸರಿ ಮಾಡ್ಸು. ಅವರು ಬಿಟ್ರೆ ಲಾಂಡ್ರಿಯಲ್ಲಿ ಅರ್ಧ ಜನಕ್ಕೆ ಕೆಲಸ ಇಲ್ಲ, ತಿಳೀತಾ?" ಖಾಲಿ ಕುರ್ಚಿಗೆ ಕೈಮುಗಿದೆ. ಬೋಂಡದ ಕಡೆ ತಿರುಗಿ, "ಏನು ಸರಿಯಿಲ್ಲ ಅಂತೆ ಸಾರ್?" ಎಂದು ಕೇಳಿದೆ. ಅವರು ಬಾಯಿ ಒರೆಸಿಕೊಂಡು ತುಟಿ ಆಡಿಸಿದರು. ಮರುದಿನ ಹೋಗಿ ಕಿಟಕಿಯ ಹತ್ತಿರ ನಿಂತಾಗ ಉತ್ತರ ಸಿಕ್ಕಿತು: "ಅದನ್ನೂ ನಾನೇ ಹೇಳೋದಾದ್ರೆ ನಿನ್ನ ಯಾಕಯ್ಯ ಸೂಪರ್‌ವೈಸರ್ ಮಾಡಿದ್ದು?"

ಅದು ನನಗೆ ಸರಿ ಅನ್ನಿಸಿತು. ಹೋಗಿ ಆಸ್ಪತ್ರೆಯ ಬೆಡ್‌ಶೀಟು ಮುಟ್ಟಿ ನೋಡಿದೆ. ರಟ್ಟಿನ ಹಾಗಿತ್ತು. ಗಂಜಿ ಜಾಸ್ತಿಯಾಗಿದೆ, ಇದೇ ದೂರು ಎಂದು ನಿರ್ಧಾರ ಮಾಡಿಬಿಟ್ಟೆ. ಹಂಡೆಯ ಪಕ್ಕ ನಿಂತು, "ದ್ಯಾಮಕ್ಕ, ಗಂಜಿ ಕಡಿಮೆ ಮಾಡು" ಎಂದೆ. ಮಾರನೇ ಬೆಳಿಗ್ಗೆ ಮುಟ್ಟಿದೆ, ಇನ್ನೂ ರಟ್ಟು. ನನ್ನ ಮಾತು ಅವಳಿಗೆ ಆಗಷ್ಟೇ ಮುಟ್ಟುತ್ತಿತ್ತು, ಆ ಬಟ್ಟೆ ಹಿಂದಿನ ದಿನದ್ದು. ಇದೆಲ್ಲ ನಮ್ಮೂರಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ಆದರೆ ಕೈಯಲ್ಲಿ ರಟ್ಟಿನಂಥ ಬಟ್ಟೆ ಇರುವಾಗ ನೆನಪಿಗೆ ಬರುವುದಿಲ್ಲ. "ಇನ್ನೂ ಕಡಿಮೆ ಮಾಡು" ಎಂದು ಕೂಗಿದೆ. ಅದರ ಮಾರನೇ ದಿನ ಬಟ್ಟೆ ಮೆತ್ತಗೆ, ಚೆನ್ನಾಗಿ ಬಂತು. ನಾನು ಖುಷಿಯಲ್ಲಿ ಸುಮ್ಮನಿದ್ದೆ. ಅದೇ ಹೊತ್ತಿಗೆ ಹಂಡೆಯ ಪಕ್ಕದಿಂದ ನನ್ನ ನಿನ್ನೆಯ ದನಿ "ಇನ್ನೂ ಕಡಿಮೆ" ಎಂದು ಕೂಗುತ್ತಿತ್ತು. ದ್ಯಾಮಕ್ಕ ಇನ್ನೂ ಕಡಿಮೆ ಮಾಡಿದಳು. ಬಟ್ಟೆ ನೆನೆದ ರೊಟ್ಟಿಯ ಹಾಗೆ ಜೋಲುಬಿತ್ತು. ಗಾಬರಿಯಾಗಿ "ಜಾಸ್ತಿ ಮಾಡು" ಎಂದೆ, ಮರುದಿನ "ಇನ್ನೂ ಜಾಸ್ತಿ" ಎಂದೆ. ಬಟ್ಟೆ ಮತ್ತೆ ರಟ್ಟಾಯಿತು. ಹೀಗೆ ಬಟ್ಟೆ ಒಮ್ಮೆ ರಟ್ಟು, ಒಮ್ಮೆ ರೊಟ್ಟಿ. ನಡುವೆ ಒಂದೊಂದು ದಿನ ಸರಿಯಾಗಿ ಬರುತ್ತಿತ್ತು, ಅದು ಯಾಕೆ ಬಂತೆಂದು ನನಗೂ ತಿಳಿಯುತ್ತಿರಲಿಲ್ಲ, ಅವಳಿಗೂ ತಿಳಿಯುತ್ತಿರಲಿಲ್ಲ.

"ಕಡಿಮೆ ಅಂದ್ರೆ ಎಷ್ಟು ಸೂಪರ್‌ವೈಸರಪ್ಪ?" ಎಂದು ಅವಳು ಕೋಲು ಹಿಡಿದುಕೊಂಡೇ ಕೇಳಿದಳು. ಎಷ್ಟೆಂದು ನನಗೂ ಗೊತ್ತಿರಲಿಲ್ಲ, ಆದರೆ ಸೂಪರ್‌ವೈಸರ್ ಏನಾದರೂ ಹೇಳಬೇಕಲ್ಲ. "ಸ್ವಲ್ಪ ನೋಡ್ಕೊಂಡು ಮಾಡು" ಎಂದೆ. ಮಾತು ಬಾಯಿಂದ ಹೊರಟ ಮೇಲೆ ಅದು ಚಂದ್ರಯ್ಯನವರದ್ದು ಎಂದು ಗೊತ್ತಾಯಿತು. ಮರುದಿನ ಆ ಹೊತ್ತಿಗೆ ಅವಳು ಕೈ ನಿಲ್ಲಿಸಿ, ನಾನು ನಿಂತಿದ್ದ ಜಾಗವನ್ನು ನೋಡಿ, "ಹೂಂ, ಆಯ್ತು" ಎಂದು ಅಲ್ಲಿಗೆ ಹೇಳಿದಳು. ನಾನು ಅವಳ ಬೆನ್ನ ಹಿಂದೆಯೇ ಇದ್ದೆ.

ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಇಡೀ ಗಂಟು ವಾಪಸ್ ಬಂತು. ಬಿಚ್ಚಿ ನೋಡಿದೆ, ರಟ್ಟು. ನಾನು ನೇರ ಹಂಡೆಯ ಹತ್ತಿರ ಹೋಗಿ, ಅಂಗಳಕ್ಕೆಲ್ಲ ಕೇಳುವಂತೆ, "ಸಾಕು ದ್ಯಾಮಕ್ಕ! ನಿನ್ನಿಂದ ಆಗಲ್ಲ. ನಾಳೆಯಿಂದ ಬರಬೇಡ!" ಎಂದು ಕೂಗಿದೆ. ಅವಳು ಸೌದೆ ಒಟ್ಟುತ್ತ, ಯಾವುದೋ ಸೋಬಾನೆ ಗುನುಗುತ್ತಿದ್ದಳು. ಗುನುಗು ನಿಲ್ಲಲಿಲ್ಲ.

ಹಾಲೇಶನಿಗೂ ನಾನು ಆಡಿದ್ದು ಕೇಳಿಸಿರಲಿಲ್ಲ, ಆದರೆ ನನ್ನ ಕೊರಳ ನರ ಅವನಿಗೆ ಕಂಡಿತ್ತು. ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ನನ್ನ ತೋಳು ಹಿಡಿದು ಗೋಡೆಯ ಹತ್ತಿರ ಕರೆದುಕೊಂಡು ಹೋದ. "ನೋಡಲೇ, ನೀನೇನು ಅಂತೀಯೋ ನನಗೆ ನಾಳೆ ಕೇಳ್ಸುತ್ತೆ, ಈಗ ನಾನು ಹೇಳೋದು ಕೇಳು. ಅಕ್ಕನ ಮೇಲೆ ಯಾಕೆ ಹಾರಾಡ್ತೀಯಾ? ನೀನು ಜಾಸ್ತಿ ಅಂದಾಗ ಅವಳು ಜಾಸ್ತಿ ಹಾಕಿದ್ಲು. ಕಡಿಮೆ ಅಂದಾಗ ಕಡಿಮೆ ಹಾಕಿದ್ಲು. ನಾನು ಇಲ್ಲೇ ನಿಂತು ಎಲ್ಲಾ ಕೇಳಿದೀನಿ. ನಿನಗೆ ಬೇಕಾಗಿರೋದು ಏನು ಅಂತ ಒಂದಿನ ಆದ್ರೂ ಹೇಳಿದೀಯಾ? ಹಂಗೆ ಕಣ್ಣು ಬಿಡಬೇಡ. ತಪ್ಪು ಅಂತ ಅಷ್ಟೇ ಹೇಳ್ತೀಯ. ಸರಿ ಅಂದ್ರೆ ಯಾವುದು?"

ನಾನು ಓಡಿಹೋಗಿ ಹಂಡೆಯ ಪಕ್ಕ ನಿಂತು, "ಇಲ್ಲ ದ್ಯಾಮಕ್ಕ, ಸಿಟ್ಟಲ್ಲಿ ಅಂದೆ, ಬರಬೇಕು, ನೀನು ಬರಬೇಕು" ಎಂದು ಹೇಳಿದೆ. ಹೇಳುತ್ತಿರುವಾಗಲೇ ಅದು ನಾಳೆ ಎಲ್ಲಿ ಬೀಳುತ್ತದೆ ಎಂದು ತಿಳಿದಿತ್ತು. ಮೊದಲ ಮಾತು ಬಿದ್ದ ಕೂಡಲೇ ಅವಳು ಹೊರಟಿರುತ್ತಾಳೆ. ಎರಡನೆಯದು ಬೀಳುವುದು ಖಾಲಿ ಹಂಡೆಯ ಮೇಲೆ. ಅಪ್ಪನ ಬೆನ್ನು ನೆನಪಾಯಿತು.

ಮಧ್ಯಾಹ್ನ ನಾನು ಹೆರಿಗೆ ಆಸ್ಪತ್ರೆಗೆ ಹೋದೆ. ಬಟ್ಟೆಬರೆ ನೋಡಿಕೊಳ್ಳುವ ಸಿಸ್ಟರ್ ಗ್ರೇಸಮ್ಮ ನನ್ನ ಯಜಮಾನಿಯಲ್ಲ, ನಾನು ಅವರ ಯಜಮಾನನಲ್ಲ. ಹಾಗಾಗಿ ಮಾತು ನೇರವಾಗಿ ನಡೆಯಿತು. ಗಂಜಿ ಎಷ್ಟಿರಬೇಕು ಎಂದು ಕೇಳಿದೆ.

"ಗಂಜಿನಾ?" ಎಂದರು. "ಹಸುಗೂಸಿನ ಮೈಗೆ ಯಾರಾದ್ರೂ ಗಂಜಿ ಬಟ್ಟೆ ಹಾಕ್ತಾರೇನಪ್ಪ? ನಾವು ಅದನ್ನ ಮತ್ತೆ ನೀರಲ್ಲಿ ಅದ್ದಿ ತೆಗೀತಿದೀವಿ."

"ಮತ್ತೆ ಅದನ್ನ ಹೇಳಬೇಕಲ್ವಾ ಸಿಸ್ಟರ್?"

"ನಿಮ್ಮ ಲಾಂಡ್ರಿ ಪದ್ಧತಿ ಅದು ಅಂದ್ಕೊಂಡಿದ್ವಿ. ನಮ್ಮ ತೊಂದರೆ ಬೇರೆ. ದೊಡ್ಡ ಬೆಡ್‌ಶೀಟು, ತೊಟ್ಟಿಲ ಬಟ್ಟೆ ಎಲ್ಲಾ ಒಂದೇ ಗಂಟಲ್ಲಿ ತುರುಕಿ ಕಳಿಸ್ತೀರ. ಒಳಗೆ ಹೆರಿಗೆ ಆಗ್ತಿರುತ್ತೆ, ಇಲ್ಲಿ ಆಯಾ ಗಂಟು ಬಿಚ್ಚಿ ಹುಡುಕ್ತಾ ಕೂತಿರ್ತಾಳೆ. ನಿಮ್ಮ ಸಾಹುಕಾರರಿಗೆ ಎಷ್ಟು ಸಲ ಹೇಳಿಲ್ಲ!"

"ಏನಂತ ಹೇಳಿದ್ರಿ?"

"ಬಟ್ಟೆ ಸರಿಯಾಗಿ ಕಳಿಸಿ ಅಂತ." ಅವರು ನನ್ನ ಮುಖ ನೋಡಿದರು. "ಯಾಕೆ, ಅರ್ಥ ಆಗಲ್ವಾ ಅಷ್ಟು?"

ಸಿಸ್ಟರ್ ಮಾತು ಯಜಮಾನರಿಗೆ ಕೂಡಲೇ ಕೇಳಿಸುತ್ತದೆ. ಅಲ್ಲಿ ತಡವೇ ಇಲ್ಲ. ಆದರೂ ಅದು ಅವರ ಕಿವಿಯಿಂದ ನನ್ನ ಕಿವಿಗೆ, ನನ್ನ ಬಾಯಿಂದ ಹಂಡೆಗೆ ಬರುವಷ್ಟರಲ್ಲಿ ಗಂಜಿಯಾಗಿಬಿಟ್ಟಿತ್ತು. ಹಾಗಾದರೆ ನಾವು ಇಷ್ಟು ದಿನ ತಡವಾಗುವುದರ ಮೇಲೆ ಹಾಕುತ್ತಿದ್ದ ತಪ್ಪು ಯಾರದು? ಹಾಸ್ಟೆಲಿನ ಆ ದಪ್ಪ ಪುಸ್ತಕದ ಜನ ನೆನಪಾದರು. ತಲೆ ಕೆಟ್ಟಂತಾಯಿತು. ಲಾಂಡ್ರಿಗೆ ವಾಪಸ್ ಬರುವಷ್ಟರಲ್ಲಿ ಗೇಟು ಹಾಕಿತ್ತು.

ಮರುದಿನ ಎಲ್ಲರಿಗಿಂತ ಮೊದಲು ಹೋದೆ. ಆ ಮಾತು ಬೀಳುವ ಹೊತ್ತಿಗೆ ದ್ಯಾಮಕ್ಕ ಗೇಟಿನ ಆಚೆ ಇರಬೇಕು, ಅಷ್ಟೇ ನನ್ನ ಲೆಕ್ಕ. ಬಾಯಿಂದ ಹೇಳುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ. ಹೊತ್ತು ಹತ್ತಿರ ಬಂದಾಗ ನನಗೆ ತೋಚಿದ್ದು ಒಂದೇ. ಗೂಡಿನಲ್ಲಿಟ್ಟಿದ್ದ ಅವಳ ಬುತ್ತಿ ಗಂಟನ್ನು ಎತ್ತಿಕೊಂಡು ಗೇಟಿನ ಕಡೆ ನಡೆದೆ.

"ಏ! ಏ ಸೂಪರ್‌ವೈಸರಪ್ಪ! ನನ್ನ ಬುತ್ತಿ ಎಲ್ಲಿಗೆ ಒಯ್ತೀಯ?" ದ್ಯಾಮಕ್ಕ ಕೋಲು ಬಿಟ್ಟು ಹಿಂದೆ ಬಂದಳು. ನಾನು ಜೋರಾಗಿ ನಡೆದೆ. "ಹಾಲೇಶ, ನೋಡೋ ಇವನ್ನ! ಮನೇಲಿ ಉಣ್ಣೋಕೆ ಇಲ್ವಾ ಇವನಿಗೆ? ಲೇ, ಅದರಲ್ಲಿ ಬರೀ ಮೆಣಸಿನಕಾಯಿ ಚಟ್ನಿ ಐತೆ, ಹೊಟ್ಟೆ ಉರಿಯುತ್ತೆ!" ಹಾಲೇಶ ಮೇಜು ಬಡಿದು ನಗುತ್ತಿದ್ದ. ಮಂಡಿನೋವಿನವಳು ಇಷ್ಟು ಬೇಗ ಬರುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಗೇಟಿಗೆ ಇನ್ನು ಕೈಯಳತೆ ಇರುವಾಗ ಅವಳು ನನ್ನ ಮುಂದೆ ಬಂದು ನಿಂತು ಗಂಟನ್ನು ಕಿತ್ತುಕೊಂಡಳು. "ಆಡೋ ವಯಸ್ಸಾ ಇದು?" ಎಂದು, ನಗುತ್ತಲೇ, ಹಂಡೆಯ ಕಡೆ ಹೊರಟಳು. ನಾನು "ಬೇಡ ದ್ಯಾಮಕ್ಕ" ಎಂದೆ. ಅದೂ ನಾಳೆಗೆ.

ಅವಳು ಹಂಡೆ ಮುಟ್ಟಿದಳು. ಅಲ್ಲೇ ನಿಂತಳು. ನನಗೇನೂ ಕೇಳಿಸಲಿಲ್ಲ, ಆದರೆ ಅವಳ ಬೆನ್ನು ನೋಡಿದಾಗ ಗೊತ್ತಾಯಿತು. ಹಾಲೇಶನ ನಗು ನಡುವೆಯೇ ನಿಂತಿತು. ದ್ಯಾಮಕ್ಕ ಕೋಲನ್ನು ಗೋಡೆಗೆ ಒರಗಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು. ಬುತ್ತಿಯನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲೇ, ನಾನೊಂದು ಕಂಬ ಎಂಬಂತೆ, ದಾಟಿ ಗೇಟಿನಿಂದ ಹೊರಗೆ ಹೋದಳು.

ಸ್ವಲ್ಪ ಹೊತ್ತಿಗೆ ಹಾಲೇಶ ಕುಣಿದಂತೆ ಓಡಿಬಂದ. "ಅಕ್ಕಾ! ತಡಿಯಕ್ಕಾ! ಇನ್ನೊಂದು ಮಾತು ಬಂತು, ಬರಬೇಕು ಅಂದ, ಸಿಟ್ಟಲ್ಲಿ ಅಂದಿದ್ದಂತೆ!" ಗೇಟಿನ ಗೆರೆಯ ಹತ್ತಿರ ಅವನ ಕಾಲುಗಳು ತಾವಾಗಿ ನಿಂತವು. ಅವಳು ತಿರುಗಲಿಲ್ಲ. ಸಮಾಧಾನಕ್ಕೆ ಎಲ್ಲರೂ ಹಾಗೇ ಹೇಳುತ್ತಾರೆ. ಹಾಲೇಶ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಆಮೇಲೆ ನಾನು ಗೇಟು ದಾಟಿದೆ. ಯಾವ ಧೈರ್ಯದಿಂದ ಅಂತ ಕೇಳಿದರೆ ಗೊತ್ತಿಲ್ಲ. ಬಹುಶಃ ಬುತ್ತಿ ಕದ್ದವನಿಗೆ ಕಳೆದುಕೊಳ್ಳುವ ಮರ್ಯಾದೆ ಉಳಿದಿರಲಿಲ್ಲ.

"ದ್ಯಾಮಕ್ಕ" ಎಂದೆ.

ಪಂಕ್ಚರ್ ಅಂಗಡಿಯ ಮುಂದೆ ಅವಳು ಗಕ್ಕನೆ ನಿಂತು ತಿರುಗಿದಳು. ಹಿಂದೆ ನೋಡಬಾರದು ಎಂಬುದನ್ನೂ ಮರೆತಿದ್ದಳು. ಸುತ್ತ ಯಾರಿದ್ದಾರೆ ಎಂದು ನೋಡಿದಳು, ನನ್ನ ಬಾಯಿ ನೋಡಿದಳು. "ನೀನಾ ಮಾತಾಡಿದ್ದು?"

"ಹೂಂ."

"ಇವತ್ತಿನ ಮಾತಾ?"

"ಇವತ್ತಿನದೇ."

ಇಬ್ಬರಿಗೂ ಹೊಳೆಯಲು ಒಂದು ಗಳಿಗೆ ಬೇಕಾಯಿತು. ನಾನು ಬಿಡಿಸಿದ್ದೆ. ಅವಳು ಈಗ ನನ್ನ ಕೈಕೆಳಗಿನವಳಲ್ಲ. ಊರು ಹುಟ್ಟಿದಾಗಿನಿಂದ ಯಾರೂ ಹಿಂದೆ ಹೋಗಿಲ್ಲ, ಯಾರೂ ತಿರುಗಿ ನಿಂತಿಲ್ಲ. ಹಾಗಾಗಿ ಯಾರಿಗೂ ಗೊತ್ತಾಗಿಲ್ಲ. ಅಪ್ಪನ ಹಿಂದೆ ಗಿರಣಿಯ ಯಜಮಾನರು ತಾವೇ ನಾಲ್ಕು ಹೆಜ್ಜೆ ಬಂದಿದ್ದರೆ ಸಾಕಿತ್ತು. ಪಂಕ್ಚರ್ ಅಂಗಡಿಯವನು ಟ್ಯೂಬು ಕೈಯಲ್ಲಿ ಹಿಡಿದು ನಮ್ಮನ್ನೇ ನೋಡುತ್ತಿದ್ದ. ಅವನಿಗೆ ಇದರಲ್ಲಿ ವಿಶೇಷ ಏನಿದೆ ಎಂದು ಅರ್ಥವಾಗಿರಲಿಲ್ಲ, ಯಾರ ಕೈಕೆಳಗೂ ಇಲ್ಲದ ಅವನಿಗೆ ಎಲ್ಲರ ಮಾತೂ ಯಾವಾಗಲೂ ಕೇಳಿಸುತ್ತದೆ.

"ಹಂಗಾದ್ರೆ ಹೇಳು" ಎಂದಳು ದ್ಯಾಮಕ್ಕ. ಸೊಂಟದ ಮೇಲೆ ಕೈಯಿಟ್ಟಳು. "ಕಡಿಮೆ ಅಂದ್ರೆ ಎಷ್ಟು?"

"ಆಸ್ಪತ್ರೆ ಬಟ್ಟೆಗೆ ಗಂಜಿನೇ ಬೇಡ."

"ಬೇಡ್ವೇ ಬೇಡ್ವಾ? ಮತ್ತೆ ನಾನು ಹೊಗೆ ಕುಡಿದು ಬೇಯಿಸಿದ್ದು ಯಾರಿಗೋ? ನಿನ್ನ ಬಾಯಿಗಾ?" ಆಮೇಲೆ ದನಿ ತಗ್ಗಿತು. "ಗಂಜಿ ಬೇಡ ಅಂದ್ರೆ ನಾನೂ ಬೇಡ ಅಂತ ಆಯ್ತು. ಸರಿ ಬಿಡು. ಅದಕ್ಕೆ ಇಷ್ಟು ದೂರ ಓಡಿ ಬರಬೇಕಿತ್ತಾ?"

"ಅಲ್ಲ ದ್ಯಾಮಕ್ಕ. ಲಾಡ್ಜಿನ ಮೇಜುಬಟ್ಟೆಗೆ ಗಂಜಿ ಬೇಕು, ಅದು ನಿಂದೇ. ಆಸ್ಪತ್ರೆಯದು ಒಣಗಿದ ಮೇಲೆ ತೊಟ್ಟಿಲ ಬಟ್ಟೆ ಬೇರೆ, ದೊಡ್ಡದು ಬೇರೆ ಮಾಡಬೇಕು. ಬೇರೆ ಬೇರೆ ಗಂಟು. ತೊಟ್ಟಿಲ ಬಟ್ಟೆ ಗಂಟಿಗೆ ಕೆಂಪು ದಾರ, ದೊಡ್ಡದಕ್ಕೆ ಬಿಳಿ ದಾರ. ಆಯಾ ಕತ್ತಲಲ್ಲಿ ಎತ್ಕೊಂಡ್ರೂ ತಪ್ಪಬಾರದು. ಅದನ್ನ ನೀನು ಮಾಡ್ತೀಯಾ?"

ಅವಳು ಬಾಯಿ ತೆರೆದವಳು ತಟ್ಟನೆ ಕೈಯಿಂದ ಮುಚ್ಚಿಕೊಂಡಳು. "ತಡಿ. ನಾನು ಹೂಂ ಅಂದ್ರೆ ಮುಗೀತು, ನಿನ್ನ ಬಾಯಿ ಮತ್ತೆ ಬಂದಾಗುತ್ತೆ. ಎಲ್ಲಾ ಹೇಳಿ ಮುಗಿಸು ಮೊದಲು. ಕತ್ತಲಲ್ಲಿ ಅಂತೀಯ, ಕತ್ತಲಲ್ಲಿ ಕೆಂಪು ಬಿಳಿ ಹೆಂಗೆ ಗೊತ್ತಾಗುತ್ತೆ?"

ಅದು ನನಗೆ ಹೊಳೆದಿರಲಿಲ್ಲ. "ದಾರ... ಒಂದರ ದಾರಕ್ಕೆ ಎರಡು ಗಂಟು ಹಾಕು."

"ಯಾವುದಕ್ಕೆ?"

"ತೊಟ್ಟಿಲಿಂದಕ್ಕೆ."

"ಹರಿದಿದ್ದು ಸಿಕ್ರೆ? ಹೊಲಿದು ಹಾಕ್ಲಾ, ತೆಗೆದಿಡ್ಲಾ?"

"ಗೊತ್ತಿಲ್ಲ."

"ಏನಂದೆ?"

"ಗೊತ್ತಿಲ್ಲ ದ್ಯಾಮಕ್ಕ."

ಅವಳು ನನ್ನನ್ನು ಮೊದಲ ಸಲ ನೋಡುವಂತೆ ನೋಡಿದಳು. "ಈ ಮಾತನ್ನ ಹಂಡೆ ಹತ್ರ ನಿಂತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನಡಿ, ಆ ಸಿಸ್ಟರಮ್ಮನ್ನೇ ಕೇಳಿ ಬರೋಣ. ನಾನೀಗ ನಿನ್ನ ಆಳಲ್ಲ, ನಿನ್ನ ಜೊತೆ ನಡೆದರೆ ಯಾರೇನಂತಾರೆ?"

ಹೋದೆವು. ದಾರಿಯುದ್ದಕ್ಕೂ ಬೈದಳು. ನಾನು ಉತ್ತರ ಕೊಟ್ಟೆ, ಅವಳು ಆ ಉತ್ತರಕ್ಕೂ ಬೈದಳು. ಬಡ್ತಿಯಾದ ಮೇಲೆ ನನಗೆ ಅಷ್ಟು ಹಗುರಾಗಿದ್ದು ಅದೇ ಮೊದಲು. ಸಿಸ್ಟರ್ ಗ್ರೇಸಮ್ಮ ಹರಿದದ್ದನ್ನು ಬೇರೆ ಇಡಿ, ಹೊಲಿಗೆ ಮಗುವಿಗೆ ಚುಚ್ಚುತ್ತದೆ ಎಂದರು. ದ್ಯಾಮಕ್ಕ ಅವರನ್ನು ಮತ್ತೂ ಏನೇನೋ ಕೇಳಿದಳು. ಸಿಸ್ಟರ್ ಕೆಲವಕ್ಕೆ ಉತ್ತರ ಹೇಳಿದರು, ಕೆಲವಕ್ಕೆ ಯೋಚಿಸಬೇಕು ಎಂದರು. ವಾಪಸ್ ಬರುವಾಗ ಅವಳು ಕೇಳುವುದು ಮುಗಿದಿತ್ತು. ಹೇಳುವುದು ನನಗೆ ಮುಗಿದಿರಲಿಲ್ಲ. ಲಾಂಡ್ರಿಯ ಗೇಟು ಬಂತು. ಕ್ಷಮಿಸು ಎನ್ನಬೇಕೆಂದು ಆಸ್ಪತ್ರೆಯಿಂದಲೇ ಅಂದುಕೊಂಡು ಬಂದಿದ್ದೆ. "ದ್ಯಾಮಕ್ಕ" ಎಂದೆ. ಅವಳು "ಹೂಂ, ಬರ್ತೀನಿ ಬಿಡು ಕೆಲಸಕ್ಕೆ" ಎಂದು ಗೇಟಿನೊಳಗೆ ಕಾಲಿಟ್ಟುಬಿಟ್ಟಳು.

ಅವಳ ಮುಖ ನನ್ನ ಕಡೆಯೇ ಇತ್ತು, ಆದರೆ ಕಿವಿ ಹೋಗಿತ್ತು. ಅದು ನೋಡಿದ ಕೂಡಲೇ ತಿಳಿಯುತ್ತದೆ. ಆದರೂ ಮಾತು ನನ್ನ ಬಾಯಲ್ಲಿತ್ತು, ಆಡಿಬಿಟ್ಟೆ. ಏನಾಡಿದೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಖಚಿತವಾಗಲಿಲ್ಲ.

ಹಾಲೇಶನಿಗೆ ದ್ಯಾಮಕ್ಕ ಎಲ್ಲ ಹೇಳಿದ್ದಳು. ಅವನು ಸಂಜೆ ನನ್ನ ಹತ್ತಿರ ಬಂದು, "ನನ್ನೂ ಒಂದು ಗಂಟೆ ಮಟ್ಟಿಗೆ ಬಿಡಿಸೋ. ತಂಗಿ ಮದುವೆ ವಿಷಯ ಮಾತಾಡೋದೈತೆ. ಆ ಲಾಡ್ಜಿನ ಮೇಜುಬಟ್ಟೆ ಮಡಿಕೆನೂ ಸರಿಯಾಗಿ ಹೇಳ್ಬಿಡು" ಎಂದ. ಯಜಮಾನರು ಇದಕ್ಕೆ ಏನನ್ನುತ್ತಾರೋ. ಕೇಳಿದ್ದೇನೆ. ಉತ್ತರ ನಾಳೆ ಕಿಟಕಿಯ ಹತ್ತಿರ.

ಆಸ್ಪತ್ರೆಗೆ ಗಂಟುಗಳು ಬೇರೆ ಬೇರೆ ಹೋದವು. ವಾಪಸ್ ಬಂದಿಲ್ಲ. ಸರಿಯಾಗಿವೆ ಎಂದು ಅಲ್ಲಿಂದ ಯಾರೂ ಹೇಳಿಯೂ ಇಲ್ಲ.

ಗೇಟಿನಲ್ಲಿ ಮಾತಾಡಿದ್ದರ ಮಾರನೇ ದಿನ, ಅದೇ ಹೊತ್ತಿಗೆ, ದ್ಯಾಮಕ್ಕ ಕೊಳೆನೀರಿನ ಬಕೆಟ್ಟು ಹಿಡಿದು ಗೇಟಿನ ಹತ್ತಿರ ಬಂದಳು. ನೀರು ಚೆಲ್ಲುವ ಜಾಗ ಅದಲ್ಲ. ಬಕೆಟ್ಟು ಕೆಳಗಿಟ್ಟು, ನಾನು ನಿನ್ನೆ ನಿಂತಿದ್ದ ಕಡೆ ಮುಖ ಮಾಡಿ ಕಾದಳು. ನಾನು ಅವಳ ಹಿಂದೆ, ಗೋಡೆಯ ನೆರಳಲ್ಲಿದ್ದೆ. ಕ್ಷಮಿಸು ಎಂದೇ ಅಂದಿರಲಿ ಎಂದುಕೊಂಡೆ. ಅವಳ ತಲೆ ಸ್ವಲ್ಪ ಓರೆಯಾಯಿತು. ಕೇಳಿಸಿಕೊಂಡಳು. ಆಮೇಲೆ ಆ ಖಾಲಿ ಜಾಗಕ್ಕೆ, ಪಕ್ಕದ ಮನೆಯವರನ್ನು ವಿಚಾರಿಸುವ ಹಾಗೆ, ಕೇಳಿದಳು: "ನೋಡ್ಕೊಂಡು ಮಾಡು ಅಂದ್ರೆ, ಏನು ನೋಡ್ಕೊಂಡು?"

ನಾನು ಮುಂದೆ ಬಂದೆ. ಬಾಯಿ ತೆರೆದೆ. ಅವಳು ತಿರುಗಿ ನನ್ನನ್ನು ನೋಡಿ, ಬಕೆಟ್ಟು ಎತ್ತಿಕೊಂಡು, ಉತ್ತರಕ್ಕೆ ನಾಳೆ ಬರುತ್ತೇನೆ ಎಂಬಂತೆ ತಲೆಯಾಡಿಸಿ ಹೋದಳು. ನಾಳೆ ಬಂದು ನಿಂತರೆ ಅವಳಿಗೆ ಕೇಳಿಸುವುದು ಇಷ್ಟೇ: ಒಬ್ಬ ಸೂಪರ್‌ವೈಸರ್ ಬಹಳ ಹೊತ್ತು ಗಂಟಲು ಸರಿಮಾಡಿಕೊಂಡ ಸದ್ದು.